ನಾಲ್ಕೇ ಕೈ ಮೇಲೇಳುವ ತರಗತಿಯಲ್ಲಿ ಸಾಫ್ಟ್ ಸ್ಕಿಲ್ಸ್ ಕಲಿಸುವುದು ಹೇಗೆ?

ಪ್ರಶ್ನೆ: ನಾನು ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. 8ನೇ ತರಗತಿಯಲ್ಲಿ 42 ಮಕ್ಕಳಿದ್ದಾರೆ. ಏನು ಕೇಳಿದರೂ ಅದೇ ನಾಲ್ಕು ಕೈ ಮೇಲೇಳುತ್ತವೆ, ಉಳಿದವರು ತಲೆ ತಗ್ಗಿಸಿ ಕೂರುತ್ತಾರೆ. ಗುಂಪು ಕೆಲಸ ಕೊಟ್ಟರೆ ಬರೀ ಗಲಾಟೆ. ಕೊನೆಗೆ ಒಬ್ಬಳೇ ಕೂತು ಚಾರ್ಟ್ ಬರೆದು ಮುಗಿಸುತ್ತಾಳೆ. ಮಕ್ಕಳಿಗೆ ಸಾಫ್ಟ್ ಸ್ಕಿಲ್ಸ್ ಕಲಿಸಿ ಅಂತ ನಮ್ಮ ಹೆಡ್‌ಮಾಸ್ಟರ್ ಶನಿವಾರ ಒಂದು ಪೀರಿಯಡ್ ಕೊಟ್ಟಿದ್ದಾರೆ. ಅದರಲ್ಲಿ ಏನು ಮಾಡಬೇಕೋ ತಿಳಿಯುತ್ತಿಲ್ಲ. ಪೋರ್ಷನ್ ಬೇರೆ ಮುಗಿಸಬೇಕು. ಇಂಗ್ಲಿಷ್ ಬಾರದ ಮಕ್ಕಳಿಗೆ ಇದೆಲ್ಲ ಹೇಗೆ? ಇದಕ್ಕೂ ಅಂಕ ಕೊಡಬೇಕಾ?

ಉತ್ತರ: ಮೇಡಂ, ಶನಿವಾರದ ಪೀರಿಯಡ್ ಸದ್ಯಕ್ಕೆ ಪಕ್ಕಕ್ಕಿಡಿ, ಅದರ ಮಾತಿಗೆ ಕೊನೆಯಲ್ಲಿ ಬರುತ್ತೇನೆ. ನೀವು ಶುರು ಮಾಡಬೇಕಾದ್ದು ಸೋಮವಾರದ ನಿಮ್ಮದೇ ವಿಜ್ಞಾನ ಪಾಠದಿಂದ.

ಸಾಫ್ಟ್ ಸ್ಕಿಲ್ಸ್ ಅಂದರೆ ಇವೇ: ಇನ್ನೊಬ್ಬರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವುದು, ತನಗೆ ತಿಳಿದದ್ದನ್ನು ನಾಲ್ಕು ಜನಕ್ಕೆ ಅರ್ಥವಾಗುವ ಹಾಗೆ ಹೇಳುವುದು, ಒಪ್ಪಿಗೆ ಇಲ್ಲದಿದ್ದಾಗ ಜಗಳಕ್ಕಿಳಿಯದೆ ಒಪ್ಪಲ್ಲ ಅನ್ನುವುದು, ಗೊತ್ತಿಲ್ಲದ್ದನ್ನು ಧೈರ್ಯವಾಗಿ ಕೇಳುವುದು, ಒಪ್ಪಿಕೊಂಡ ಕೆಲಸವನ್ನು ಹೇಳಿದ ಹೊತ್ತಿಗೆ ಮುಗಿಸುವುದು. ಇವು ಭಾಷಣ ಕೇಳಿ ಬರುವ ವಿದ್ಯೆಗಳಲ್ಲ. ಮಾಡಿ ಮಾಡಿ ರೂಢಿಯಾಗಬೇಕು. ವಾರಕ್ಕೆ 40 ನಿಮಿಷ ಇವುಗಳ ಬಗ್ಗೆ ಮಾತಾಡಿ, ಉಳಿದ ದಿನವೆಲ್ಲ ‘ಬಾಯಿ ಮುಚ್ಕೊಂಡು ಕೂತ್ಕೊಳ್ಳಿ’ ಅಂದರೆ ಮಕ್ಕಳು ನಂಬುವುದು ಆ ಉಳಿದ ದಿನಗಳನ್ನೇ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ಸಂವಹನ, ಪರಾನುಭೂತಿ, ನಿರ್ಧಾರ ತೆಗೆದುಕೊಳ್ಳುವುದು, ಸಮಸ್ಯೆ ಬಿಡಿಸುವುದು, ಒತ್ತಡ ನಿಭಾಯಿಸುವುದು ಅಂತೆಲ್ಲ ಅದರಲ್ಲಿದೆ. ನಿಮ್ಮ ಟ್ರೈನಿಂಗ್‌ನಲ್ಲೂ ಬಂದಿರುತ್ತದೆ. ಪಟ್ಟಿಯಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಬೋರ್ಡ್ ಮೇಲೆ ಬರೆದು ಮಕ್ಕಳ ಹತ್ತಿರ ಕಾಪಿ ಮಾಡಿಸಿದರೆ ಇನ್ನೊಂದು ಬಾಯಿಪಾಠ ಆಗುತ್ತದೆ ಅಷ್ಟೆ.

ಒಂದು ಮಾತು ಗಮನಿಸಿ. ನಿಮ್ಮ ಮಕ್ಕಳು ಈಗಲೂ ಏನೋ ಕಲಿಯುತ್ತಲೇ ಇದ್ದಾರೆ. ಸುಮ್ನಿದ್ದರೆ ಬಚಾವ್ ಅನ್ನುವುದನ್ನು ಚೆನ್ನಾಗಿ ಕಲಿತಿದ್ದಾರೆ. ಮಿಸ್ ಪ್ರಶ್ನೆ ಕೇಳುತ್ತಾರೆ, ಮುಂದಿನ ಬೆಂಚಿನವರು ಹೇಳುತ್ತಾರೆ, ಪಾಠ ಮುಂದೆ ಹೋಗುತ್ತದೆ, ನನ್ನ ತನಕ ಬರೋದಿಲ್ಲ. ದಿನಕ್ಕೆ ಆರೇಳು ಪೀರಿಯಡ್, ವರ್ಷಗಟ್ಟಲೆ ಇದೇ ಅಭ್ಯಾಸ ಆದರೆ ಯಾವ ಮಗು ತಾನೇ ಬಾಯಿ ಬಿಡುತ್ತದೆ?

ಇವರು ಹುಟ್ಟಾ ಮೂಕರೇನಲ್ಲ. ಊಟದ ಬಿಡುವಿನಲ್ಲಿ ನೋಡಿ. ತಂಡ ಕಟ್ಟುತ್ತಾರೆ, ಔಟೋ ನಾಟೌಟೋ ಅಂತ ವಾದ ಮಾಡುತ್ತಾರೆ, ರಾಜಿ ಆಗುತ್ತಾರೆ, ಮತ್ತೆ ಆಡುತ್ತಾರೆ. ಇನ್ನೂ ಒಂದು ವಿಷಯ ಇದೆ. ನಿಮ್ಮಲ್ಲಿ ಎಷ್ಟೋ ಮಕ್ಕಳು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಿಂದ ಬಂದವರಿರಬೇಕು. ಅಂದರೆ 1ರಿಂದ 3ನೇ ತರಗತಿ ತನಕ ನಲಿ-ಕಲಿಯಲ್ಲಿ ಕಲಿತವರು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಅದು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕೂತು ಕಟ್ಟಿದ ಪದ್ಧತಿ. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಅಲ್ಲಿ ಮಕ್ಕಳು ‘ತಟ್ಟೆ’ಗಳಲ್ಲಿ ಗುಂಪಾಗಿ ಕೂರುತ್ತಾರೆ. ಶಿಕ್ಷಕರ ಸಹಾಯದಿಂದ ಕಲಿಯುವ ತಟ್ಟೆ ಇರುತ್ತದೆ, ಸಹಪಾಠಿಗಳ ಸಹಾಯದಿಂದ ಕಲಿಯುವ ತಟ್ಟೆ ಬೇರೆ ಇರುತ್ತದೆ, ತಾನೇ ಕಲಿಯುವ ತಟ್ಟೆಯೂ ಇರುತ್ತದೆ. ಪಕ್ಕದವನಿಗೆ ಹೇಳಿಕೊಡುವುದನ್ನು ಆರನೇ ವಯಸ್ಸಿಗೇ ಮಾಡಿದ ಮಕ್ಕಳು ಇವರು. ಆಮೇಲೆ ನಾವೇ ಅವರನ್ನು ಸಾಲಾಗಿ ಕೂರಿಸಿ, ಪಕ್ಕದವನ ಜೊತೆ ಮಾತಾಡಿದರೆ ತಪ್ಪು ಅಂದೆವು. ಹಾಗಾಗಿ ನಿಮ್ಮ ಕೆಲಸ ಸೊನ್ನೆಯಿಂದ ಶುರು ಮಾಡುವುದಲ್ಲ, ನಿಂತು ಹೋದದ್ದನ್ನು ಮತ್ತೆ ನಡೆಸುವುದು. ಅಷ್ಟು ಕಷ್ಟ ಅಲ್ಲ ಅದು.

ಮೊದಲು ಆ ನಾಲ್ಕು ಕೈಗಳ ವಿಷಯ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ಸುಮಾರಿಗೆ ವಿಜ್ಞಾನ ತರಗತಿಗಳ ಪಾಠಗಳನ್ನು ಟೇಪ್ ಮಾಡಿ ಕೇಳಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದರು. ಸರಾಸರಿ ಒಂದು ಸೆಕೆಂಡ್! ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುತ್ತಾರೆ, ಇಲ್ಲ ತಾವೇ ಹೇಳಿಬಿಡುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದ ಆದವು, ‘ಗೊತ್ತಿಲ್ಲ’ ಅನ್ನುವುದು ಕಡಿಮೆ ಆಯಿತು, ದಡ್ಡರು ಅಂತ ಹಣೆಪಟ್ಟಿ ಹಚ್ಚಿಕೊಂಡಿದ್ದ ಮಕ್ಕಳೂ ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದು ಜಾಸ್ತಿ ಆಯಿತು. ಇದಕ್ಕೆ ಬೇಕಾದದ್ದು ಪಿಪಿಟಿಯೂ ಅಲ್ಲ, ಟ್ರೈನರೂ ಅಲ್ಲ. ಪ್ರಶ್ನೆ ಕೇಳಿ, ಮನಸ್ಸಲ್ಲೇ ನಾಲ್ಕು ಎಣಿಸಿ. ಮೊದಮೊದಲು ಆ ಮೌನ ನಮಗೇ ಕಸಿವಿಸಿ ಮಾಡುತ್ತದೆ, ಏನಾದರೂ ಹೇಳಿಬಿಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಮಗು ಉತ್ತರ ಹೇಳಿದ ಮೇಲೂ ತಕ್ಷಣ ‘ಗುಡ್’ ಅನ್ನಬೇಡಿ, ಅಲ್ಲೂ ಒಂದು ಉಸಿರಿನಷ್ಟು ಕಾಯಿರಿ. ಎಷ್ಟೋ ಸಲ ಆ ಮಗುವೇ ಇನ್ನೊಂದು ಮಾತು ಸೇರಿಸುತ್ತದೆ, ಇಲ್ಲ ಪಕ್ಕದವಳು ‘ಮಿಸ್, ಹಂಗಲ್ಲ’ ಅಂತಾಳೆ. ಒಂದು ಪೀರಿಯಡ್‌ಗೆ ಹತ್ತು ಪ್ರಶ್ನೆ ಕೇಳಿದರೂ ಇದಕ್ಕೆ ಹೋಗುವುದು ಒಂದು ನಿಮಿಷ. ಪೋರ್ಷನ್‌ಗೆ ಏನೂ ಆಗುವುದಿಲ್ಲ.

ಕಾಯುವುದಷ್ಟೇ ಸಾಲದು ಅಂತ ನನಗೂ ಗೊತ್ತು. 41 ಮಕ್ಕಳ ಮುಂದೆ ತಪ್ಪು ಹೇಳಿಬಿಟ್ಟರೆ ಅನ್ನುವ ಹೆದರಿಕೆ ದೊಡ್ಡದು. ಅದಕ್ಕೆ ಮೊದಲು ಒಬ್ಬರ ಮುಂದೆ ಮಾತಾಡಿಸಿ. ಫ್ರ್ಯಾಂಕ್ ಲೈಮನ್ ಅನ್ನುವವರು 1981ರಲ್ಲಿ ಹೇಳಿಕೊಟ್ಟ ಸರಳ ಕ್ರಮ ಇದು: ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಪಕ್ಕದವರಿಗೆ ಹೇಳಿ, ಆಮೇಲೆ ಎಲ್ಲರಿಗೂ ಹೇಳಿ. ನಾನು ಇದಕ್ಕೆ ಒಂದು ಬದಲಾವಣೆ ಸೇರಿಸಲು ಹೇಳುತ್ತೇನೆ. ಎಬ್ಬಿಸಿ ಕೇಳುವಾಗ ‘ನಿನ್ನ ಉತ್ತರ ಏನು’ ಅನ್ನಬೇಡಿ, ‘ನಿನ್ನ ಪಕ್ಕದವಳು ಏನು ಹೇಳಿದಳು’ ಅಂತ ಕೇಳಿ. ಉತ್ತರ ತಪ್ಪಿದ್ದರೂ ಆ ತಪ್ಪು ಇವಳದಲ್ಲ, ಹಾಗಾಗಿ ಹೆದರಿಕೆ ಅರ್ಧ ಇಳಿಯುತ್ತದೆ. ಇನ್ನೊಂದು ಕಡೆ, ಪಕ್ಕದವಳ ಮಾತನ್ನು ನಿಜವಾಗಿ ಕೇಳಿಸಿಕೊಂಡಿರಲೇಬೇಕು. ಕೇಳಿಸಿಕೊಳ್ಳುವುದನ್ನು ಇಷ್ಟು ಸಲೀಸಾಗಿ ಕಲಿಸುವ ಇನ್ನೊಂದು ದಾರಿ ನಾನು ನೋಡಿಲ್ಲ.

ಆ ನಾಲ್ವರಿಗೆ ಬೇಜಾರಾಗದ ಹಾಗೆ ಅವರಿಗೂ ಕೆಲಸ ಕೊಡಿ. ಬೇರೆಯವರು ಹೇಳಿದ ಎರಡು ಉತ್ತರಗಳಲ್ಲಿ ಏನು ವ್ಯತ್ಯಾಸ ಇದೆ ಅಂತ ಹೇಳಲಿ, ಇಲ್ಲ ಮುಂದಿನ ಪ್ರಶ್ನೆಯನ್ನು ಅವರೇ ತಯಾರು ಮಾಡಲಿ. ‘ಅರ್ಥ ಆಯ್ತಾ?’ ಅಂತ ಕೇಳುವುದನ್ನಂತೂ ದಯವಿಟ್ಟು ಬಿಟ್ಟುಬಿಡಿ. ‘ಆಯ್ತೂ ಮಿಸ್’ ಅನ್ನುವ ಕೋರಸ್ ಬಿಟ್ಟು ಬೇರೇನೂ ಅದರಿಂದ ಬರುವುದಿಲ್ಲ.

ಈಗ ಗುಂಪು ಕೆಲಸ. ನಿಮ್ಮ ತರಗತಿಯಲ್ಲಿ ಒಬ್ಬಳೇ ಚಾರ್ಟ್ ಬರೆದು ಮುಗಿಸುವುದಕ್ಕೆ ಮಕ್ಕಳ ಸೋಮಾರಿತನ ಕಾರಣ ಅಂದುಕೊಳ್ಳಬೇಡಿ. ಕೊಟ್ಟ ಕೆಲಸವೇ ಒಬ್ಬರು ಮಾಡಬಹುದಾದ ಕೆಲಸ! ಒಂದು ಚಾರ್ಟ್, ಒಂದು ಸ್ಕೆಚ್ ಪೆನ್ ಸೆಟ್, ಆರು ಮಕ್ಕಳು. ಅಕ್ಷರ ಚೆನ್ನಾಗಿರುವವಳು ಬರೆಯುತ್ತಾಳೆ, ಉಳಿದ ಐವರು ಬಾರ್ಡರ್ ಹಾಕುತ್ತಾರೆ, ಇಲ್ಲ ಹರಟೆ ಹೊಡೆಯುತ್ತಾರೆ. ಆರೂ ಜನ ಇಲ್ಲದೆ ಮುಗಿಯದ ಹಾಗೆ ಕೆಲಸವನ್ನೇ ಬೇರೆ ರೀತಿ ಹೆಣೆಯಬೇಕು.

ಇದನ್ನು ಬಹಳ ಚೆನ್ನಾಗಿ ಮಾಡಿ ತೋರಿಸಿದವರು ಎಲಿಯಟ್ ಆರನ್‌ಸನ್ ಅನ್ನುವ ಮನಶ್ಶಾಸ್ತ್ರಜ್ಞರು. 1971ರಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ. ಅಲ್ಲಿಯ ತನಕ ಬೇರೆ ಬೇರೆ ಶಾಲೆಗಳಲ್ಲಿ ಓದುತ್ತಿದ್ದ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಆಗ ತಾನೇ ಒಂದೇ ತರಗತಿಗೆ ಬಂದಿದ್ದರು. ಹೊಡೆದಾಟ, ದ್ವೇಷ. ಆರನ್‌ಸನ್ ತಂಡ ಹೋಗಿ ನೋಡಿದಾಗ ಕಂಡದ್ದು ಏನು ಅಂದರೆ, ಪಾಠ ನಡೆಯುವ ರೀತಿಯೇ ಬೆಂಕಿಗೆ ತುಪ್ಪ ಸುರಿಯುತ್ತಿತ್ತು. ಎಲ್ಲರೂ ಶಿಕ್ಷಕರ ಮೆಚ್ಚುಗೆಗಾಗಿ ಒಬ್ಬರ ಮೇಲೊಬ್ಬರು ಪೈಪೋಟಿ. ಒಬ್ಬ ತಪ್ಪು ಹೇಳಿದರೆ ಇನ್ನೊಬ್ಬನಿಗೆ ಖುಷಿ. ಅವರು ಪಾಠವನ್ನೇ ತುಂಡು ಮಾಡಿ ಹಂಚಿದರು. ಗುಂಪಿನ ಪ್ರತಿ ಮಗುವಿನ ಹತ್ತಿರ ಒಂದೊಂದು ತುಂಡು, ಪರೀಕ್ಷೆ ಇಡೀ ಪಾಠದ ಮೇಲೆ. ಅಂದರೆ ಪಕ್ಕದವನ ಮಾತು ಕೇಳದೆ ಗತಿ ಇಲ್ಲ. ತಡವರಿಸುತ್ತಾ ಮಾತಾಡುವ ಒಬ್ಬ ಹುಡುಗನನ್ನು ಗುಂಪಿನವರು ಮೊದಲು ಅಣಕಿಸಿದರಂತೆ. ಈ ಭಾಗ ಗೊತ್ತಿರುವುದು ಅವನಿಗೆ ಮಾತ್ರ, ಪರೀಕ್ಷೆ ಹತ್ತಿರದಲ್ಲೇ ಇದೆ ಅಂತ ನೆನಪಿಸಿದ ಮೇಲೆ ಅದೇ ಮಕ್ಕಳು ಅವನಿಗೆ ಸುಲಭವಾಗುವ ಹಾಗೆ ಪ್ರಶ್ನೆ ಕೇಳಲು ಕಲಿತರು. ಅವನೂ ನಿಧಾನಕ್ಕೆ ಬಾಯಿ ಬಿಟ್ಟ. ಇದಕ್ಕೆ ‘ಜಿಗ್‌ಸಾ’ ಅಂತ ಹೆಸರು.

ನಿಮ್ಮ ಪಾಠಕ್ಕೇ ಹಾಕಿ ನೋಡೋಣ. 8ನೇ ತರಗತಿಯಲ್ಲಿ ಬೆಳೆ ಉತ್ಪಾದನೆ ಮತ್ತು ನಿರ್ವಹಣೆಯ ಪಾಠ ಇದೆ ಅಲ್ವಾ? ಇದಕ್ಕೆ ಹೇಳಿ ಮಾಡಿಸಿದಂತಿದೆ. ಮಣ್ಣು ಹದ ಮಾಡುವುದು, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ ತೆಗೆಯುವುದು, ಕೊಯ್ಲು ಮತ್ತು ಸಂಗ್ರಹ, ಹೀಗೆ ಆರು ಭಾಗ. 42 ಮಕ್ಕಳನ್ನು ಆರಾರು ಜನರ ಏಳು ಗುಂಪು ಮಾಡಿ, ಇದು ‘ಮನೆ ಗುಂಪು’. ಪ್ರತಿ ಮನೆಯಲ್ಲೂ ಒಬ್ಬರಿಗೆ ಒಂದೊಂದು ಭಾಗ. ಮೊದಲ ದಿನ ಒಂದೇ ಭಾಗ ಸಿಕ್ಕಿದ ಏಳೂ ಮಕ್ಕಳು ಒಟ್ಟಿಗೆ ಕೂತು ಪುಸ್ತಕದ ಆ ಪುಟಗಳನ್ನು ಓದಲಿ. ತಮ್ಮ ಮನೆ ಗುಂಪಿನವರಿಗೆ ಏನು ಹೇಳಬೇಕು, ಯಾವ ಚಿತ್ರ ಬರೆದು ತೋರಿಸಬೇಕು ಅಂತ ಗೊತ್ತು ಮಾಡಿಕೊಳ್ಳಲಿ. ಒಂದು ಪೀರಿಯಡ್ ಪೂರ್ತಿ ಇದಕ್ಕೇ. ನೀವು ಗುಂಪಿಂದ ಗುಂಪಿಗೆ ಓಡಾಡಿ, ತಪ್ಪು ತಿಳಿದುಕೊಂಡಿದ್ದರೆ ಅಲ್ಲೇ ತಿದ್ದಿ, ಯಾಕೆಂದರೆ ನಾಳೆ ಆ ತಪ್ಪು ಏಳು ಕಡೆ ಹರಡುತ್ತದೆ. ಎರಡನೇ ದಿನ ಮಕ್ಕಳು ಮನೆ ಗುಂಪಿಗೆ ವಾಪಸ್. ಒಬ್ಬೊಬ್ಬರಿಗೆ ನಾಲ್ಕು ನಿಮಿಷ, ಒಟ್ಟು 24 ನಿಮಿಷ. ಕೊನೆಯ ಹತ್ತು ನಿಮಿಷ ಎಲ್ಲ ಭಾಗಗಳ ಮೇಲೂ ಆರು ಚಿಕ್ಕ ಪ್ರಶ್ನೆ, ಒಬ್ಬೊಬ್ಬರೇ ಬರೆಯಬೇಕು. ಈ ಕೊನೆಯ ಹತ್ತು ನಿಮಿಷವನ್ನು ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಯಾರಾದರೂ ರಜ ಹಾಕಿದ್ದರೆ ಅವರ ಭಾಗ ಸಿಕ್ಕ ಬೇರೆ ಮನೆ ಗುಂಪಿನ ಮಗುವನ್ನು ಕರೆಸಿ ಹೇಳಿಸಿ.

ಹಾವೇರಿ ಕಡೆಯ ಒಂದು ಶಾಲೆಯಲ್ಲಿ ಈ ಪಾಠ ಹೀಗೆ ನಡೆಯುವುದನ್ನು ನೋಡಿದ್ದೇನೆ. ಬಿತ್ತನೆಯ ಭಾಗ ಒಬ್ಬ ಹುಡುಗನಿಗೆ ಬಂದಿತ್ತು. ಓದುವುದರಲ್ಲಿ ಹಿಂದೆ, ಕೊನೇ ಬೆಂಚು. ಪುಸ್ತಕದಲ್ಲಿದ್ದ ಬಿತ್ತುವ ಸಾಧನದ ಚಿತ್ರ ನೋಡಿ ‘ಇದು ನಮ್ಮ ಕೂರಿಗಿ ಅಲ್ಲೇನು’ ಅಂದ. ಆಮೇಲೆ ಅವನನ್ನು ಹಿಡಿಯುವವರಿಲ್ಲ! ಬೀಜವನ್ನು ಬಟ್ಟಲಿಗೆ ಹೇಗೆ ಬಿಡುತ್ತಾರೆ, ಕೈ ಬಿಗಿ ಹಿಡಿದರೆ ಏನಾಗುತ್ತದೆ, ದಟ್ಟವಾಗಿ ಬಿದ್ದರೆ ಪೈರು ಯಾಕೆ ಬಡವಾಗುತ್ತದೆ, ಎಲ್ಲವನ್ನೂ ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ. ತರಗತಿಗೇ ಮೊದಲು ಬರುವ ಹುಡುಗಿ ಅವನ ಎದುರು ಕೂತು ‘ಒಂದ್ನಿಮಿಷ, ಇನ್ನೊಂದ್ಸಲ ಹೇಳು’ ಅಂತ ಬರೆದುಕೊಳ್ಳುತ್ತಿದ್ದಳು. ಅವಳ ಮನೆಯಲ್ಲಿ ಹೊಲ ಇರಲಿಲ್ಲ. ಇಬ್ಬರೂ ಆ ಹೊತ್ತು ಕಲಿತದ್ದು ಪಾಠಕ್ಕಿಂತ ದೊಡ್ಡದು. ಪಾಠವನ್ನೂ ಕಲಿತರು ಅನ್ನಿ.

ಗುಂಪುಗಳನ್ನು ನೀವೇ ಮಾಡಿ, ಮಕ್ಕಳಿಗೆ ಬಿಡಬೇಡಿ. ಮಕ್ಕಳಿಗೆ ಬಿಟ್ಟರೆ ಒಂದೇ ಓಣಿಯವರು ಒಂದು ಗುಂಪು ಆಗುತ್ತಾರೆ, ನಮ್ಮ ಹಳ್ಳಿಗಳಲ್ಲಿ ಒಂದೇ ಓಣಿ ಅಂದರೆ ಬಹುಮಟ್ಟಿಗೆ ಒಂದೇ ಜಾತಿ. ಕೊನೆಗೆ ಯಾರೂ ಸೇರಿಸಿಕೊಳ್ಳದ ಎರಡು ಮೂರು ಮಕ್ಕಳು ಗೋಡೆ ಪಕ್ಕ ನಿಂತಿರುತ್ತಾರೆ. ಇದನ್ನು ನೋಡಿಯೂ ನೋಡದ ಹಾಗೆ ಇದ್ದು ಟೀಮ್‌ವರ್ಕ್ ಕಲಿಸುತ್ತೇವೆ ಅಂದರೆ ಅದಕ್ಕೆ ಅರ್ಥವೇ ಇಲ್ಲ. ಹುಡುಗ ಹುಡುಗಿಯರು ಒಂದೇ ಗುಂಪಿನಲ್ಲಿ ಕೂರಲು ನಾಚಿದರೆ ಶುರುವಿಗೆ ಎರಡು ಎರಡು ಜನ ಎದುರುಬದುರು ಕೂರಲಿ, ಒಂದು ತಿಂಗಳಲ್ಲಿ ಸರಿ ಹೋಗುತ್ತದೆ. ಗುಂಪಿನಲ್ಲಿ ಲೀಡರ್ ಬೇಕಾದರೆ ವಾರ ವಾರ ಬದಲಾಗಲಿ, ಯಾವಾಗಲೂ ಜಾಸ್ತಿ ಅಂಕದವರೇ ಆಗುವುದು ಬೇಡ. ಕಸ ಗುಡಿಸುವ ಸರದಿಯೂ ಹಾಗೇ, ಎಲ್ಲರಿಗೂ ಬರಲಿ. ಹುಡುಗಿಯರಷ್ಟೇ ಪೊರಕೆ ಹಿಡಿಯುವ ಶಾಲೆಯಲ್ಲಿ ಗಂಡುಮಕ್ಕಳು ಕಲಿಯುವ ಪಾಠ ಏನು ಅಂತ ಯೋಚಿಸಿ.

ಗಲಾಟೆಯ ಬಗ್ಗೆ ಬರೆದಿದ್ದೀರಿ. ಆರು ಜನ ಮಾತಾಡಿದರೆ ಸದ್ದು ಬರುತ್ತದೆ, ಏಳು ಗುಂಪು ಆದರೆ ಇನ್ನೂ ಜಾಸ್ತಿ. ಪಾಠದ ಮಾತಿನ ಸದ್ದು ಯಾವುದು, ಹರಟೆಯ ಸದ್ದು ಯಾವುದು ಅಂತ ಹತ್ತಿರ ಹೋದರೆ ತಿಳಿಯುತ್ತದೆ. ಕೈ ಎತ್ತಿದರೆ ಎಲ್ಲರೂ ಮಾತು ನಿಲ್ಲಿಸಬೇಕು ಅನ್ನುವ ಒಂದು ಗುರುತು ಮಾಡಿಕೊಳ್ಳಿ. ಪಕ್ಕದ ತರಗತಿಯ ಮೇಷ್ಟ್ರಿಗೂ ಒಂದು ಮಾತು ಹೇಳಿರಿ, ಸಾಕು.

ಒಪ್ಪದಿದ್ದಾಗ ಹೇಗೆ ಮಾತಾಡಬೇಕು ಅನ್ನುವುದನ್ನು ಮಾತ್ರ ಬಿಡಿಸಿ ಕಲಿಸಬೇಕು, ಅದು ತಾನಾಗೇ ಬರುವುದಿಲ್ಲ. ಮಕ್ಕಳಿಗೆ ಗೊತ್ತಿರುವುದು ಎರಡೇ, ‘ಏ ಸುಳ್ಳು’ ಅನ್ನುವುದು ಇಲ್ಲವೇ ಸುಮ್ಮನಾಗುವುದು. ನಡುವಿನ ಮಾತುಗಳನ್ನು ಕೊಡಿ: ‘ಯಾಕೆ ಹಾಗಂತೀಯಾ?’, ‘ನೀನು ಹೇಳಿದ್ದು ಇದೇ ತಾನೇ?’, ‘ಅದು ಸರಿ, ಆದರೆ ಈ ಕಡೆ ನೋಡಿದರೆ...’, ‘ನನಗೆ ಗೊತ್ತಾಗಲಿಲ್ಲ, ಬೇರೆ ಥರ ಹೇಳ್ತೀಯಾ?’. ಗೋಡೆಗೆ ಅಂಟಿಸಿದರಷ್ಟೇ ಸಾಲದು, ಪಾಠ ಮಾಡುವಾಗ ನೀವೇ ಅವನ್ನು ಆಡಬೇಕು. ಮಗು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ‘ನನಗೂ ಗೊತ್ತಿಲ್ಲ, ನೋಡಿ ನಾಳೆ ಹೇಳ್ತೀನಿ’ ಅನ್ನಿ, ನಾಳೆ ಮರೆಯದೆ ಹೇಳಿ. ಜಗಳ ಆಡಿಕೊಂಡು ಬಂದ ಇಬ್ಬರನ್ನು ವಿಚಾರಿಸುವಾಗ ತನ್ನ ಕಥೆ ಹೇಳುವ ಮೊದಲು ಎದುರಿನವನ ಕಥೆ ಏನಿರಬಹುದು ಅಂತ ಹೇಳಿಸಿ. ಎಷ್ಟೋ ಜಗಳ ಅಲ್ಲೇ ತಣ್ಣಗಾಗುತ್ತವೆ.

ಇನ್ನು ಇಂಗ್ಲಿಷ್. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕಮ್ಯುನಿಕೇಶನ್ ಅಂದರೆ ಸ್ಪೋಕನ್ ಇಂಗ್ಲಿಷ್ ಅಂತ ನಮ್ಮಲ್ಲಿ ಹೇಗೋ ತಲೆಗೆ ಹೊಕ್ಕಿದೆ, ಅದನ್ನು ಮೊದಲು ತೆಗೆಯಿರಿ. ಇಂಗ್ಲಿಷ್ ಬೇಕು, ಚೆನ್ನಾಗಿ ಕಲಿಸಬೇಕು, ಆದರೆ ಇಂಗ್ಲಿಷ್ ಪೀರಿಯಡ್‌ನಲ್ಲಿ. ಯೋಚನೆಯನ್ನು ಅಚ್ಚುಕಟ್ಟಾಗಿ ಮುಂದಿಡುವುದನ್ನು ಮಗು ಕಲಿಯುವುದು ತನಗೆ ಸಲೀಸಾದ ಮಾತಿನಲ್ಲಿ. ಮನೆಯಲ್ಲಿ ಲಂಬಾಣಿ ಆಡುವ ಮಗು, ಉರ್ದು ಆಡುವ ಮಗು, ಪುಸ್ತಕದ ಕನ್ನಡ ಬಾರದೆ ಊರಿನ ಕನ್ನಡವನ್ನೇ ಆಡುವ ಮಗು ಗುಂಪಿನಲ್ಲಿ ಹೇಗೆ ಬೇಕೋ ಹಾಗೆ ಮಾತಾಡಲಿ. ‘ಐತೆ ಅಲ್ಲ, ಇದೆ ಅನ್ನು’ ಅಂತ ನಡುವೆ ತಿದ್ದಲು ಹೋಗಬೇಡಿ, ಮಾತು ಅಲ್ಲಿಗೇ ನಿಂತು ಹೋಗುತ್ತದೆ. ಬರೆಯುವಾಗ ಪುಸ್ತಕದ ಭಾಷೆ ಬಂದರಾಯಿತು.

ಇದೆಲ್ಲ ಮಕ್ಕಳಿಗೆ ಮುಂದೆ ಕೆಲಸಕ್ಕೆ ಬರುತ್ತಾ ಅಂತ ಪೋಷಕರು ಕೇಳುತ್ತಾರೆ. ಬರುತ್ತದೆ. ಬೆಂಗಳೂರಿನ ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಹೊಲಿಗೆ ಕೆಲಸದ ಹೆಣ್ಣುಮಕ್ಕಳ ಮೇಲೆ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದ್ದಾರೆ. ಲಾಟರಿಯಲ್ಲಿ ಆರಿಸಿದ ಕೆಲವರಿಗೆ ಸಂವಹನ, ಸಮಯ ನಿರ್ವಹಣೆ, ಸಮಸ್ಯೆ ಬಿಡಿಸುವುದು ಇಂಥವುಗಳ ತರಬೇತಿ ಕೊಟ್ಟರು. ತರಬೇತಿ ಸಿಕ್ಕವರ ಉತ್ಪಾದಕತೆ ಸಿಗದವರಿಗಿಂತ ಶೇಕಡ 13ಕ್ಕೂ ಹೆಚ್ಚಿತ್ತು. ಕಂಪನಿಗೆ ಹಾಕಿದ ದುಡ್ಡಿನ ಎಷ್ಟೋ ಪಟ್ಟು ವಾಪಸ್ ಬಂತು. ಆದರೆ ಆ ಹೆಣ್ಣುಮಕ್ಕಳ ಸಂಬಳ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಇದನ್ನು ಓದಿದಾಗಿನಿಂದ ನನಗೆ ಒಂದು ವಿಷಯ ಕೊರೆಯುತ್ತಲೇ ಇದೆ. ಚೆನ್ನಾಗಿ ಹೊಂದಿಕೊಂಡು ಹೋಗುವುದನ್ನಷ್ಟೇ ಕಲಿಸಿದರೆ ಲಾಭ ಬೇರೆಯವರಿಗೆ. ತನಗೆ ಬೇಕಾದ್ದನ್ನು, ತನಗೆ ಸಲ್ಲಬೇಕಾದ್ದನ್ನು ಮುಖ ಎತ್ತಿ ಕೇಳುವುದನ್ನೂ ಕಲಿಸಬೇಕು. ವಿನಯದಿಂದ ಇರು, ಎದುರು ಮಾತಾಡಬೇಡ ಅನ್ನುವುದನ್ನೇ ನಾವು ಸಾಫ್ಟ್ ಸ್ಕಿಲ್ ಅಂತ ಕಲಿಸುವ ಅಪಾಯ ಇದೆ, ಅದರಲ್ಲೂ ಹೆಣ್ಣುಮಕ್ಕಳಿಗೆ.

ಆಫ್ರಿಕಾದ ಜಾಂಬಿಯಾದಲ್ಲಿ, ರಾಜಧಾನಿ ಲುಸಾಕಾದ ಶಾಲೆಗಳ 8ನೇ ತರಗತಿಯ ಹುಡುಗಿಯರಿಗೇ ಇಂಥದ್ದನ್ನು ಕಲಿಸಿ ನೋಡಿದ್ದಾರೆ. ಎರಡು ವಾರದ ತರಬೇತಿ ಅಷ್ಟೆ. ತನಗೆ ಏನು ಬೇಕು ಅಂತ ಮೊದಲು ತಿಳಿದುಕೊಳ್ಳುವುದು, ಎದುರಿನವರ ಕಷ್ಟ ಏನು ಅಂತ ಕೇಳಿ ತಿಳಿಯುವುದು, ಇಬ್ಬರಿಗೂ ಒಪ್ಪಿಗೆ ಆಗುವ ದಾರಿ ಹುಡುಕುವುದು. ಮುಂದಿನ ಮೂರು ವರ್ಷ ನೋಡಿದಾಗ ಈ ಹುಡುಗಿಯರ ಓದು ಉಳಿದವರಿಗಿಂತ ಚೆನ್ನಾಗಿ ಮುಂದುವರಿದಿತ್ತು. ನಮ್ಮ ಹಳ್ಳಿಯ ಹುಡುಗಿಗೆ ಎಸ್ಸೆಸ್ಸೆಲ್ಸಿ ಆದ ಮೇಲೆ ಇದೇ ಪ್ರಸಂಗ ಎದುರಾಗುತ್ತದೆ ಅಲ್ವಾ? ಪಿಯು ಕಾಲೇಜು ತಾಲ್ಲೂಕಿನಲ್ಲಿ, ಬಸ್ಸು ಸಂಜೆ ತಡ, ಅಪ್ಪನಿಗೆ ಭಯ. ಅಳುವುದು, ಇಲ್ಲ ಸುಮ್ಮನಾಗುವುದು ಬಿಟ್ಟು ಮೂರನೆಯ ದಾರಿ ಅವಳಿಗೆ ಗೊತ್ತಿರಬೇಕು. ‘ಅಪ್ಪಾ, ನಿಮಗೆ ಬಸ್ಸಿಂದೇ ಚಿಂತೆ ತಾನೇ? ನಮ್ಮೂರಿಂದ ಇನ್ನೂ ಮೂವರು ಹೋಗ್ತಾರೆ, ನಾವು ಒಟ್ಟಿಗೆ ಬರ್ತೀವಿ’ ಅನ್ನುವಷ್ಟು. ಇಂಥ ಸನ್ನಿವೇಶಗಳನ್ನು ಮಕ್ಕಳ ಹತ್ತಿರ ಅಭಿನಯ ಮಾಡಿಸಿ. ಹುಡುಗಿ ಅಪ್ಪನ ಪಾತ್ರ ಮಾಡಲಿ, ಹುಡುಗ ಮಗಳ ಪಾತ್ರ ಮಾಡಲಿ, ಆಮೇಲೆ ಅದಲು ಬದಲು.

ಅಂಕದ ಪ್ರಶ್ನೆಗೆ ಬರುತ್ತೇನೆ. ಬೇಡ. ‘ಸಹಕಾರ ಮನೋಭಾವ, ಹತ್ತಕ್ಕೆ ಏಳು’ ಅಂತ ಬರೆದರೆ ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಮಕ್ಕಳು ನಿಮ್ಮ ಮುಂದೆ ಒಳ್ಳೆಯವರಾಗಿ ನಟಿಸಲು ಕಲಿಯುತ್ತಾರೆ. ಎಫ್‌ಎ (ವರ್ಷದ ನಡುನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗೆ ನೀವು ಅಂಕ ಕೊಡಲೇಬೇಕು, ಅದು ಬೇರೆ. ಅದನ್ನು ಪಾಠ ಎಷ್ಟು ತಿಳಿದಿದೆ ಅನ್ನುವುದಕ್ಕೆ ಕೊಡಿ. ಸ್ವಭಾವಕ್ಕೆ ಬೇಡ. ಅದಕ್ಕೆ ಒಂದು ನೋಟ್‌ಬುಕ್ ಇಡಿ, ಮಗುವಿಗೆ ಒಂದು ಪುಟ. ವಾರಕ್ಕೆ ಆರು ಮಕ್ಕಳನ್ನಷ್ಟೇ ಗಮನಿಸಿ, ಏಳು ವಾರಕ್ಕೆ ಒಂದು ಸುತ್ತು ಆಗುತ್ತದೆ. ಕಂಡದ್ದನ್ನು ಕಂಡ ಹಾಗೆ ಬರೆಯಿರಿ: ‘ಇವತ್ತು ಮೊದಲ ಸಲ ಗುಂಪಿನಲ್ಲಿ ಪ್ರಶ್ನೆ ಕೇಳಿದಳು’, ‘ಬೇರೆಯವರು ಮಾತಾಡುವಾಗ ಎರಡು ಸಲ ನಡುವೆ ಬಾಯಿ ಹಾಕಿದ’. ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಿದರೆ ತಾಯಂದಿರ ಮುಖ ನೋಡಬೇಕು ನೀವು. ಒಂದು ಎಚ್ಚರ: ಸ್ವಭಾವದಿಂದಲೇ ಮಾತು ಕಮ್ಮಿ ಇರುವ ಮಕ್ಕಳಿರುತ್ತಾರೆ. ಅವರನ್ನು ವೇದಿಕೆ ಹತ್ತಿಸಲೇಬೇಕು ಅಂತ ಹಟ ಬೇಡ. ಒಬ್ಬರಿಗೆ ಚೆನ್ನಾಗಿ ಹೇಳಿಕೊಟ್ಟರೂ ಸಾಕು, ಬರೆದು ತಿಳಿಸಿದರೂ ಸಾಕು. ಹೆದರಿ ಸುಮ್ಮನಿರುವ ಮಗು ಬೇರೆ, ಇಷ್ಟಪಟ್ಟು ಸುಮ್ಮನಿರುವ ಮಗು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಯಾರಾದರೂ ಬಂದು ಇದೆಲ್ಲ ಯಾಕೆ, ಪಾಠ ಮಾಡಿ ಅಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೋರಿಸಿ. 8ನೇ ತರಗತಿ ತನಕದ ಮಕ್ಕಳಿಗೆ ಚಟುವಟಿಕೆಯ ಮೂಲಕ ಕಲಿಸಬೇಕು, ಭಯ ಆತಂಕ ಇಲ್ಲದೆ ತಮ್ಮ ಅಭಿಪ್ರಾಯ ಹೇಳಲು ಮಕ್ಕಳಿಗೆ ನೆರವಾಗಬೇಕು ಅಂತ ಕಾನೂನೇ ಹೇಳುತ್ತದೆ. ಪೋರ್ಷನ್ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಜಿಗ್‌ಸಾವನ್ನು ಎಲ್ಲ ಪಾಠಕ್ಕೂ ಹಾಕಬೇಡಿ. ತುಂಡು ಮಾಡಿದರೆ ಕೆಡದ, ಓದಿ ತಿಳಿಯಬಹುದಾದ ಪಾಠಗಳಿಗೆ ಮಾತ್ರ. ಬಲ ಮತ್ತು ಒತ್ತಡದಂಥ ಪಾಠದಲ್ಲಿ ಒಂದಾದ ಮೇಲೊಂದು ಪರಿಕಲ್ಪನೆ ಕಟ್ಟಬೇಕು, ಅಲ್ಲಿ ನೀವೇ ಪಾಠ ಮಾಡಿ, ನಡುವೆ ಜೋಡಿ ಮಾತು ಇಡಿ.

ಕೊನೆಗೆ ಶನಿವಾರದ ಪೀರಿಯಡ್. ಹೆಡ್‌ಮಾಸ್ಟರ್ ಮನಸ್ಸಿಟ್ಟು ಕೊಟ್ಟಿದ್ದಾರೆ, ಬೇಡ ಅನ್ನಬೇಡಿ. ಅದನ್ನು ಮಕ್ಕಳ ಗ್ರಾಮಸಭೆಯ ತಯಾರಿಗೆ ಇಟ್ಟುಕೊಳ್ಳಿ. ಮಕ್ಕಳ ಅಹವಾಲು ಕೇಳಲು ಪಂಚಾಯಿತಿಗಳು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಸುಮಾರಿಗೆ ಈ ಸಭೆ ನಡೆಸುತ್ತವೆ. ಬಹಳ ಕಡೆ ಅಲ್ಲಿ ಆಗುವುದು ಇಷ್ಟೇ: ಟೀಚರ್ ಬರೆದುಕೊಟ್ಟ ಚೀಟಿಯನ್ನು ಒಬ್ಬ ಜಾಣ ಹುಡುಗಿ ಓದುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಬಿಸ್ಕೆಟ್ ಹಂಚುತ್ತಾರೆ. ನೀವು ಜುಲೈಯಿಂದಲೇ ಶುರು ಮಾಡಿ. ಮೊದಲ ಶನಿವಾರ ಮಕ್ಕಳು ತಮಗೆ ನಿಜವಾಗಿ ತೊಂದರೆ ಕೊಡುವ ವಿಷಯಗಳನ್ನು ಹೇಳಲಿ, ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ದಾರಿಯಲ್ಲಿ ಬೀದಿ ದೀಪ ಇಲ್ಲ, ಹೀಗೆ. ಹತ್ತು ವಿಷಯ ಬಂದರೆ ವಾದ ಮಾಡಿ ಎರಡಕ್ಕೆ ಇಳಿಸಲಿ, ಕೈ ಎತ್ತಿಸಿ ಓಟಿಗೆ ಹಾಕುವ ಮೊದಲು ಒಪ್ಪಿಸಲು ಬಿಡಿ. ಮುಂದಿನ ವಾರಗಳಲ್ಲಿ ಲೆಕ್ಕ ತರಲಿ: ಎಷ್ಟು ಕಂಬ ಇವೆ, ಎಷ್ಟರಲ್ಲಿ ದೀಪ ಉರಿಯುತ್ತದೆ, ಯಾವ ದಿನ ನೀರು ಬರಲಿಲ್ಲ. ಆಮೇಲೆ ಒಂದು ಗುಂಪು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಲಿ, ಒಂದು ಗುಂಪು ಅಧ್ಯಕ್ಷರಾಗಲಿ, ‘ಅನುದಾನ ಇಲ್ಲಮ್ಮ, ಮುಂದಿನ ವರ್ಷ ನೋಡೋಣ’ ಅಂತ ಹೇಳಲಿ, ಅದಕ್ಕೆ ಏನು ಉತ್ತರ ಕೊಡಬೇಕು ಅಂತ ಉಳಿದವರು ಯೋಚಿಸಲಿ. ಸಭೆಯ ದಿನ ಚೀಟಿ ಬೇಡ, ಒಂದು ವಿಷಯಕ್ಕೆ ಮೂರು ಮಕ್ಕಳು ಮಾತಾಡಲಿ, ಅದರಲ್ಲಿ ಒಬ್ಬರಾದರೂ ಆ ನಾಲ್ಕು ಕೈಗಳಿ‌ಗೆ ಸೇರದವರಿರಲಿ. ಸಭೆ ಮುಗಿದ ಮೇಲೆ ಜನವರಿಯಲ್ಲಿ ಒಂದು ಶನಿವಾರ ಮಕ್ಕಳೇ ಪಂಚಾಯಿತಿ ಕಚೇರಿಗೆ ಹೋಗಿ ‘ನಮ್ಮ ಅರ್ಜಿ ಏನಾಯ್ತು ಸಾರ್’ ಅಂತ ಕೇಳಿಕೊಂಡು ಬರಲಿ. ನೀವು ಜೊತೆಗೆ ಹೋಗಿ, ಮಾತು ಅವರೇ ಆಡಲಿ.